ಶಾರ್ಕು, ಮುಟ್ಟು ಮತ್ತು ನಾನು ತೊಳೆದ ಸೂಟುಗಳು

ನನಗೆ ಈಜು ಬರುವುದಿಲ್ಲ. ಮಂಡಿಯಿಂದ ಮೇಲಕ್ಕೆ ನೀರು ಏರಿದರೆ ನನಗೆ ಮನೆದೇವರು ನೆನಪಾಗುತ್ತಾನೆ. ಆದರೂ ನಾನು ಸ್ಕೂಬಾ ಕ್ಯಾಂಪಿನಲ್ಲಿ ದುಡಿದು ನಿವೃತ್ತಳಾದವಳು ಎಂದರೆ ನೀವು ನಂಬಬೇಕು. ಅಲ್ಲಿ ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರಿನ ತಳಕ್ಕೆ ಹೋಗಿ ಬರುವುದನ್ನು ಕಲಿಯುತ್ತಾರೆ. ಹೋಗುವ ಮುಂಚೆ ಮೈಗೆ ಅಂಟುವ ರಬ್ಬರಿನ ಉಡುಪು ತೊಡುತ್ತಾರೆ. ಅದು ವೆಟ್‌ಸೂಟ್. ಅದನ್ನು ತೊಡಿಸುವುದು, ಸುಲಿಯುವುದು, ತೊಳೆಯುವುದು, ಒಣಗಿಸುವುದು, ಇಷ್ಟೇ ನನ್ನ ಉದ್ಯೋಗ. ಸುಲಿಯುವುದು ಎಂದು ಬೇಕೆಂದೇ ಬರೆದಿದ್ದೇನೆ. ಒದ್ದೆಯಾದ ಸೂಟನ್ನು ದಪ್ಪ ಮೈಯಿಂದ ಬಿಡಿಸುವುದು ಕೋಳಿ ಸುಲಿದಷ್ಟೇ ಕೆಲಸ.

ಈಗ ಆ ಸೂಟ್ ಕೋಣೆಗೆ ಇಬ್ಬರು ಹೊಸ ಹುಡುಗಿಯರು ಸೇರಿದ್ದಾರೆ. ಅವರಿಗೆ ಒಂದೆರಡು ಮಾತು ಹೇಳಿಕೊಡಿ ಎಂದು ಕ್ಯಾಂಪಿನ ಯಜಮಾನಿ ದೇಚಕ್ಕ ಕೇಳಿದರು. ಮಂಡಿ ನೋವಿರುವವಳು ಬಸ್ಸು ಹತ್ತಿ ಹೋಗುವುದಕ್ಕಿಂತ ಬರೆದು ಕಳಿಸುವುದೇ ಸುಲಭ ಎಂದುಕೊಂಡೆ. ನಾನು ಕಲಿತಿರುವುದು ಅಷ್ಟಕ್ಕಷ್ಟೇ. ಆದರೆ ಸಂತೋಷ ಉಕ್ಕುತ್ತಿರುವ ಅಜ್ಜಿಯ ಕೈಗೆ ಪೆನ್ನು ಕೊಟ್ಟರೆ ಅವಳನ್ನು ನಿಲ್ಲಿಸುವುದು ಕಷ್ಟ. ಹುಡುಗಿಯರೇ, ಇದನ್ನು ಓದುವಾಗ ಸೂಟುಗಳನ್ನು ಬಿಸಿಲಲ್ಲಿ ಬಿಟ್ಟು ಬರಬೇಡಿ. ರಬ್ಬರು ಬಿರುಕು ಬಿಡುತ್ತದೆ.

ಕೊಡಗಿನಲ್ಲಿ ಕಡಲಿಲ್ಲ, ಸ್ಕೂಬಾ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಮಂದಣ್ಣ ಸಾರ್ ಅವರಿಂದ ಬಂತು. ಅವರು ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿದವರು. ರಿಟೈರಾಗಿ ಹಾರಂಗಿ ಹಿನ್ನೀರಿನ ಆಚೆ ಇರುವ ತಮ್ಮ ಎಸ್ಟೇಟಿಗೆ ಬಂದರು. ನಾನು ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮಾಡುತ್ತಿದ್ದೆ. ನಮ್ಮದು ಅರಕಲಗೂಡಿನ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಕುಟುಂಬ. ಹೊಲದ ಕೆಲಸ ಇಲ್ಲದಾಗ ಹೆಂಗಸರು ಎಸ್ಟೇಟಿಗೆ ಹೋಗುವುದು ವಾಡಿಕೆ. ಸಾರ್ ಬಂದವರೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪರ್ ತೊಟ್ಟಿಯನ್ನು ಅಗೆಸಿ ಅಗೆಸಿ ಬಾವಿಯಷ್ಟು ಆಳ ಮಾಡಿಸಿದರು. ಕಾಫಿಯನ್ನು ಇನ್ನು ಮೇಲೆ ಸಿಪ್ಪೆ ಸಮೇತ ಒಣಗಿಸಿದರೆ ಸಾಕು, ತೊಟ್ಟಿಯಲ್ಲಿ ಮನುಷ್ಯರನ್ನು ತೊಳೆಯುತ್ತೇನೆ ಎಂದರು. ಕೂಲಿ ಲೈನಿನ ಜನವೆಲ್ಲ ಸಾರ್‌ಗೆ ನೀರೊಳಗಿನ ಗಾಳಿ ತಲೆಗೇರಿದೆ ಎಂದುಕೊಂಡೆವು.

ಮೊದಲ ವರ್ಷ ಆ ತೊಟ್ಟಿಯಲ್ಲಿ ಮುಳುಗಿ ಎದ್ದವರೆಲ್ಲ ಹುಳಿ ಕಾಫಿಯ ವಾಸನೆ ಹೊಡೆಯುತ್ತಿದ್ದರು. ಬೆಂಗಳೂರಿನ ಜನ ಅದನ್ನೂ ಚರ್ಮಕ್ಕೆ ಒಳ್ಳೆಯದು ಎಂದು ಫೋಟೋ ತೆಗೆಸಿಕೊಂಡು ಹೋದರು. ತೊಟ್ಟಿ ಉಜ್ಜಲು ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಸಾರ್ ನನ್ನನ್ನು ಪಿಕ್ಕಿಂಗಿನಿಂದ ಬಿಡಿಸಿ ಅಲ್ಲಿಗೆ ಹಾಕಿದರು.

ಈ ಕೆಲಸದಲ್ಲಿ ಮೊದಲು ಕಲಿಯಬೇಕಾದ್ದು ಮೂಗು. ಸೂಟಿನೊಳಗೆ ಜನ ಉಚ್ಚೆ ಹೊಯ್ಯುತ್ತಾರೆ. ತಣ್ಣೀರು, ಬಿಗಿ ಉಡುಪು, ಭಯ, ಮೂರೂ ಸೇರಿದರೆ ಪಾಪ ಯಾರು ತಾನೇ ಏನು ಮಾಡಿಯಾರು. ಒಬ್ಬ ಬ್ಯಾಂಕ್ ಮ್ಯಾನೇಜರು ಸೂಟು ಬಿಚ್ಚಿ ಕೊಟ್ಟು, ತುಂಬಾ ಬೆವರಿದೆ ಅಜ್ಜಿ ಎಂದರು. ಮನೆಯಲ್ಲಿ ಎಮ್ಮೆ ಕಟ್ಟಿದವಳಿಗೆ ಬೆವರು ಯಾವುದು ಎಂದು ಬ್ಯಾಂಕಿನವರು ಹೇಳಿಕೊಡಬೇಕೇ? ಹೌದು ಸಾರ್, ಪಾದದವರೆಗೂ ಬೆವರಿದ್ದೀರಿ ಎಂದು ಬಕೆಟ್ಟಿಗೆ ಹಾಕಿದೆ. ಹುಡುಗಿಯರೇ, ಯಾರನ್ನೂ ನಾಚಿಸಬೇಡಿ. ಆದರೆ ಅಂಥ ಸೂಟನ್ನು ಅದೇ ದಿನ ತೊಳೆಯಿರಿ.

ಇನ್ನೊಬ್ಬರು ಪೊಲೀಸ್ ಅಧಿಕಾರಿ. ಸಹಾಯ ಬೇಡ ಎಂದು ಬಾಗಿಲು ಹಾಕಿಕೊಂಡು ಸೂಟನ್ನು ಹಿಂದುಮುಂದಾಗಿ ತೊಟ್ಟರು. ಬೆನ್ನಿಗೆ ಬರಬೇಕಾದ ಜಿಪ್ಪು ಹೊಟ್ಟೆಯ ಮೇಲೆ ಬಂತು, ಹೊಟ್ಟೆಯ ಅರ್ಧದಲ್ಲಿ ಕಚ್ಚಿಕೊಂಡಿತು. ಹಾಗೆಯೇ ಹೊರಗೆ ಬಂದು ಇದು ಯಾರಿಗೆ ಹೊಲಿದದ್ದು ಎಂದು ನನ್ನನ್ನು ವಿಚಾರಣೆ ಮಾಡಿದರು. ಬಿಡಿಸಲು ತೆಂಗಿನೆಣ್ಣೆ ಬೇಕಾಯಿತು, ಇಬ್ಬರು ಕಾನ್‌ಸ್ಟೇಬಲ್‌ಗಳೂ ಬೇಕಾದರು.

ಇವೆಲ್ಲ ನಗುವ ವಿಷಯ. ನಾನು ಬರೆಯಲು ಕೂತದ್ದು ಹೆಂಗಸರ ಕೋಣೆಯ ವಿಷಯವನ್ನು.

ನಮ್ಮ ಕಡೆ ಮುಟ್ಟಾದವರು ಹೊರಗೆ ಕೂರುತ್ತಾರೆ. ಅಡುಗೆಮನೆಗೆ ಇಲ್ಲ, ದೇವರ ಕೋಣೆಗೆ ಇಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ. ನಾನೂ ಹಾಗೇ ಕೂತವಳು, ಸೊಸೆಯನ್ನೂ ಹಾಗೇ ಕೂರಿಸಿದವಳು. ಸೂಟ್ ಕೋಣೆಗೆ ಬಂದಾಗಲೂ ಅದನ್ನು ಜೊತೆಗೇ ತಂದೆ. ಹುಡುಗಿಯರು ಬಟ್ಟೆ ಬದಲಿಸುವಾಗ ಕಿವಿಯ ಹತ್ತಿರ ಹೋಗಿ ಹೊರಗಾಗಿದ್ದೀರಾ ಎಂದು ಕೇಳುತ್ತಿದ್ದೆ. ಪೇಟೆಯ ಹುಡುಗಿಯರಿಗೆ ಅದು ಅರ್ಥವಾಗದೆ, ಇಲ್ಲ ಅಜ್ಜಿ, ಒಳಗೇ ಇದ್ದೀನಲ್ಲ ಎನ್ನುತ್ತಿದ್ದರು. ಬಿಡಿಸಿ ಕೇಳಿ, ಹೌದು ಎಂದವರಿಗೆ ಒಂದು ಸೂಟು ಬೇರೆ ಇಟ್ಟಿದ್ದೆ. ಅದಕ್ಕೆ ಬಾಗಿಲಾಚೆ ಬೇರೆ ಗೂಟ, ಬೇರೆ ಬಕೆಟ್ಟು. ಇದನ್ನು ಯಾರೂ ಹೇಳಿರಲಿಲ್ಲ. ನಾನೇ ಮಾಡಿಕೊಂಡ ಕಾನೂನು.

ಶುದ್ಧಿಯಾಗಲಿ ಎಂದು ಆ ಬಕೆಟ್ಟಿಗೆ ಅರಿಶಿನವನ್ನೂ ಹಾಕುತ್ತಿದ್ದೆ. ಆ ಸೂಟಿನ ಒಳಮೈ ಬಿಳಿ ಬಟ್ಟೆ. ಮದುವೆ ಮನೆಯ ಅಕ್ಷತೆಯ ಹಾಗೆ ಹಳದಿಯಾಯಿತು. ಹಳದಿ ಹೋಗಲಿ ಎಂದು ಒಂದು ದಿನ ಬಟ್ಟೆ ಸೋಪು ಹಚ್ಚಿ ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂದು ಪ್ರತಿ ಹೆಂಗಸಿಗೂ ಗೊತ್ತು, ನನಗೂ ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಸೂಟಿನ ಒಳಗೆಲ್ಲ ಕೆಂಪು ಕೆಂಪು. ಬೆಳಿಗ್ಗೆ ಅದನ್ನು ತೊಡಲು ತೆರೆದ ಮೈಸೂರಿನ ಮೇಡಂ ಒಬ್ಬರು ಕಿರುಚಿದ ದನಿಗೆ ಕಾಫಿ ಕಣದಲ್ಲಿದ್ದವರೆಲ್ಲ ಓಡಿ ಬಂದರು. ಮಂದಣ್ಣ ಸಾರ್ ಬಾಗಿಲ ಹೊರಗಿನಿಂದಲೇ ಯಾರಿಗೆ ಗಾಯ ಎಂದು ಕೂಗಿದರು.

ಆವತ್ತೇ ದೇಚಕ್ಕ ನನ್ನನ್ನು ತಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಾತಾಡಿದ್ದು. ದೇಚಕ್ಕ ಸಾರ್ ಅವರ ಹೆಂಡತಿ, ನರ್ಸ್ ಆಗಿದ್ದವರು. ಬೈಯಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮುಟ್ಟಿನಲ್ಲಿ ನೀರಿಗೆ ಇಳಿಯುವುದು ಆಕೆಯ ಇಷ್ಟ, ಸೂಟಿಗೆ ಅದರಿಂದ ಏನೂ ಆಗುವುದಿಲ್ಲ, ನಿಮ್ಮ ಅರಿಶಿನದಿಂದಲೇ ಆಗುವುದು ಎಂದರು. ಹೊಟ್ಟೆನೋವು ಜೋರಿದ್ದರೆ, ತಲೆ ಸುತ್ತಿದರೆ ಇಳಿಯಬಾರದು. ಅಷ್ಟು ಸುಸ್ತಾಗಿದ್ದರೆ ಗಂಡಸರೂ ಇಳಿಯಬಾರದು. ಪ್ಯಾಡ್ ನೀರಲ್ಲಿ ಉಬ್ಬುತ್ತದೆ, ಅದು ಬೇಡ. ಒಳಗೆ ಇಟ್ಟುಕೊಳ್ಳುವ ರಬ್ಬರಿನ ಪುಟ್ಟ ಬಟ್ಟಲು ಬಂದಿದೆ, ಅದು ಸಾಕು. ಆ ಬಟ್ಟಲನ್ನು ತೆಗೆದು ತೋರಿಸಿದರು. ನಾನು ಉಪ್ಪು ಹಾಕುವ ಬಟ್ಟಲು ಎಂದುಕೊಂಡು ಹಿಡಿದು ನೋಡಿ, ಅದರ ಜಾಗ ಯಾವುದು ಎಂದು ತಿಳಿದಾಗ ಕೆಳಗಿಟ್ಟೆ.

ಮರುದಿನ ಬಾಗಿಲಾಚೆಯ ಗೂಟ ಕಿತ್ತೆ. ಆದರೆ ಗೋಡೆಯಿಂದ ಗೂಟ ಕೀಳುವುದು ಸುಲಭ.

ಶಾರ್ಕ್ ಎಂಬ ಪ್ರಾಣಿ ನನ್ನ ಬದುಕಿಗೆ ಬಂದದ್ದು ಅದಾದ ಮೇಲೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಜಿಪ್ಪು ಹಾಕಿಸಿಕೊಳ್ಳುತ್ತಾ, ಅಜ್ಜಿ, ನನಗೆ ಇವತ್ತು ಡೇಟು, ರಕ್ತದ ವಾಸನೆಗೆ ಶಾರ್ಕ್ ಬರುವುದಿಲ್ಲವೇ ಎಂದು ಪಿಸುಗುಟ್ಟಿದಳು. ಇಳಿಯುವುದು ನಮ್ಮ ಪಲ್ಪರ್ ತೊಟ್ಟಿಗೆ. ಆ ತೊಟ್ಟಿಗೆ ಇದುವರೆಗೆ ಬಿದ್ದ ಅತಿ ದೊಡ್ಡ ಪ್ರಾಣಿ ಸಾರ್ ಅವರ ನಾಯಿ ಎಂದು ಸಮಾಧಾನ ಹೇಳಿದೆ. ಆಮೇಲೆ ಶಾರ್ಕ್ ಎಂದರೆ ಏನು ಎಂದು ಬೋಪಣ್ಣನನ್ನು ಕೇಳಿದೆ.

ಬೋಪಣ್ಣ ನಮ್ಮ ಕ್ಯಾಂಪಿನ ಟ್ರೈನರ್. ಮೂರ್ನಾಡಿನ ಕಡೆಯ ಹುಡುಗ, ಅಂಡಮಾನಿನಲ್ಲಿ ಕಲಿತು ಬಂದವನು, ಒಳ್ಳೆಯ ಮನಸ್ಸಿನವನು. ಅವನು ಫೋನಿನಲ್ಲಿ ಚಿತ್ರ ತೋರಿಸಿದ. ನೋಡಿದರೆ ಇದು ಕುಶಾಲನಗರದ ಮೀನಂಗಡಿಯ ಮಲಯಾಳಿ ಕಾಕ ಮಾರುವ ಸ್ರಾವು. ಮರಿ ಸ್ರಾವನ್ನು ಬಾಣಂತಿಯರಿಗೆ ಹಾಲು ಹೆಚ್ಚಲಿ ಎಂದು ಕೊಡುತ್ತಾರೆ. ನನ್ನ ಸೊಸೆಯ ಬಾಣಂತನದಲ್ಲಿ ನಾನೇ ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ ತಿನ್ನಿಸಿದ್ದೆ. ಇದಕ್ಕಾ ಇಷ್ಟು ಹೆದರೋದು, ನಾವೇ ಇದನ್ನ ತಿಂದಿದೀವಿ ಎಂದೆ. ಬೋಪಣ್ಣ ನಗಲಿಲ್ಲ. ಅದು ಮರಿ, ಅದರ ಅಪ್ಪನನ್ನು ನೀವು ಕಂಡಿಲ್ಲ, ಒಂದು ಹನಿ ರಕ್ತ ಬಿದ್ದರೆ ಎಲ್ಲಿದ್ದರೂ ಮೂಸಿಕೊಂಡು ಬರುತ್ತದೆ ಎಂದು ನಮ್ಮ ಗುರುಗಳು ಹೇಳಿದ್ದಾರೆ ಎಂದ. ಹಾಗಾಗಿ ತೊಟ್ಟಿಯಲ್ಲಿ ಕಲಿತವರನ್ನು ಕೊನೆಗೆ ಸಮುದ್ರಕ್ಕೆ ಕರೆದುಕೊಂಡು ಹೋದಾಗ ಮುಟ್ಟಾದವರನ್ನು ಅವನು ಇಳಿಸುತ್ತಿರಲಿಲ್ಲ. ಅದಕ್ಕೆ ಆಧಾರ ಇಲ್ಲ, ಆ ರಕ್ತಕ್ಕೆಂದು ಶಾರ್ಕ್ ಬರುವುದಿಲ್ಲ ಎಂದು ದೇಚಕ್ಕ ಅವನಿಗೂ ಹೇಳಿದ್ದರು. ತಲೆಯಾಡಿಸಿದ್ದ. ತಲೆಯಾಡಿಸಿ ತನ್ನದನ್ನೇ ಮಾಡುತ್ತಿದ್ದ. ನಾನೂ ಒಳಗೊಳಗೆ ಅವನ ಪಕ್ಷದವಳೇ. ದೇಚಕ್ಕನ ಮಾತು ಕಿವಿಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ.

ಈಗ ನನ್ನ ಮೊಮ್ಮಗಳು. ಹೆಸರು ಸಿಂಚನ, ನಾವು ಸಿಂಚು ಎನ್ನುತ್ತೇವೆ. ಅವಳ ವಿಷಯ ಬರೆಯುವಾಗ ಅಕ್ಷರಗಳು ತಾವೇ ಕುಣಿಯುತ್ತವೆ, ಕ್ಷಮಿಸಿ. ಶಾಲೆ ರಜದಲ್ಲಿ ನನ್ನ ಜೊತೆ ಕ್ಯಾಂಪಿಗೆ ಬಂದು ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದವಳು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಈಜು ಅವಳಿಗೆ ಹೇಗೆ ಬಂತೋ. ಸಾರ್ ಅವಳಿಗೆ ಸಿಲಿಂಡರ್ ಹೊರಿಸಿ ಕಲಿಸಿದರು. ಕಾಲೇಜು ಮುಗಿಸಿದ ಮೇಲೆ ಬೋಪಣ್ಣನಿಗೆ ಸಹಾಯಕಿಯಾಗಿ ಅವಳನ್ನೇ ತೆಗೆದುಕೊಳ್ಳುತ್ತೇನೆ ಎಂದರು. ಒಂದೇ ಷರತ್ತು. ತೊಟ್ಟಿಯಲ್ಲಿ ಎಷ್ಟು ಮುಳುಗಿದರೂ ಲೆಕ್ಕಕ್ಕಿಲ್ಲ, ಸಮುದ್ರದಲ್ಲಿ ಕೊನೆಯದೊಂದು ಸಾರಿ ಮುಳುಗಿ ತೋರಿಸಬೇಕು, ಆಗಲೇ ಅವಳಿಗೆ ಪಾಸಿನ ಕಾರ್ಡು. ಆ ವರ್ಷ ಮಳೆ ಬೇಗ ಹಿಡಿಯುವ ಲಕ್ಷಣ ಇತ್ತು. ಮಳೆ ಹಿಡಿದರೆ ಬೋಟು ಇಳಿಯುವುದಿಲ್ಲ, ಮತ್ತೆ ದಸರಾ ಕಳೆಯಬೇಕು. ಅಷ್ಟು ದಿನ ಕಾಯಲು ಆಗುವುದಿಲ್ಲ, ಗೋವಾದ ಹುಡುಗನೊಬ್ಬ ಕೇಳುತ್ತಿದ್ದಾನೆ, ಈ ಸಾರಿ ಆಗದಿದ್ದರೆ ಅವನನ್ನು ಕರೆಸುತ್ತೇನೆ ಎಂದು ಸಾರ್ ನೇರವಾಗಿ ಹೇಳಿದ್ದರು. ಮನೆಯಲ್ಲಿ ಅವಳಪ್ಪ, ಅಂದರೆ ನನ್ನ ಮಗ, ಆಗದಿದ್ದರೆ ಆಗದು, ಸುಮ್ಮನೆ ಬಿ.ಎಡ್. ಮಾಡಲಿ ಎಂದು ಕಾದು ಕೂತಿದ್ದ.

ಆ ಸೀಸನ್ನಿನ ಕಡೆಯ ಬೋಟಿಗೆ ಕಲಿಯುವವರು ಏಳು ಜನ, ಸಿಂಚುವೂ ಸೇರಿ. ಹೆಂಗಸರು ಹೆಚ್ಚಿದ್ದಾರೆ, ಜಿಪ್ಪು ಹಾಕಲು ಬನ್ನಿ ಎಂದು ಸಾರ್ ನನ್ನನ್ನೂ ಕರೆದುಕೊಂಡು ಹೋದರು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ನೋಡಿದ್ದೇ ವಾಂತಿ ಮಾಡಿಕೊಂಡೆ. ಇಷ್ಟೊಂದು ನೀರನ್ನು ಯಾರು ಬೇಕೆಂದರು ಎನ್ನಿಸಿತು.

ಹೊರಡುವ ಹಿಂದಿನ ದಿನ ನಮ್ಮಲ್ಲಿ ಮೊದಲ ಮಳೆ ಚೆನ್ನಾಗಿ ಬಿದ್ದಿತ್ತು. ನೀರಿಗೆ ಇಳಿಯುವವರು ಕಾಲಿಗೆ ರಬ್ಬರಿನ ಬೂಟು ಹಾಕುತ್ತಾರೆ. ಬೋಪಣ್ಣ ತನ್ನದನ್ನು ತೊಳೆಯಲು ನನಗೆ ಕೊಡುತ್ತಿರಲಿಲ್ಲ, ತಾನೇ ತೊಳೆದು ಕಾಫಿ ಗಿಡದ ಬುಡದ ಹುಲ್ಲಿನ ಮೇಲೆ ಮಗುಚಿ ಇಡುತ್ತಿದ್ದ. ಆ ದಿನವೂ ಹಾಗೇ ಇಟ್ಟು, ಒದ್ದೆಯಲ್ಲೇ ಚೀಲಕ್ಕೆ ತುಂಬಿಕೊಂಡು ಬಂದ. ಬಂದರಿನ ಹತ್ತಿರ ಉಳಿದುಕೊಂಡಿದ್ದ ಲಾಡ್ಜಿನಲ್ಲಿ ಬೆಳಿಗ್ಗೆ ಎದ್ದವನೇ ಹಾಕಿಕೊಂಡು ಬಂದರಿನಲ್ಲೆಲ್ಲ ಚಪ್ ಚಪ್ ಎಂದು ನಡೆದಾಡಿದ.

ಬೋಟು ನಡೆಸುವವರು ಕೇಶವಣ್ಣ ಎಂಬ ಕರಾವಳಿಯವರು. ಬಂಡೆಗಳಿದ್ದ ಒಂದು ಕಡೆ ನಿಲ್ಲಿಸಿದರು. ಸಾರ್‌ಗೆ ಶೀತವಾಗಿ ಕಿವಿ ಕಟ್ಟಿತ್ತು, ಕಿವಿ ಕಟ್ಟಿದವರು ಆಳಕ್ಕೆ ಹೋಗುವ ಹಾಗಿಲ್ಲ. ಹಾಗಾಗಿ ಇಳಿಸುವ ಜವಾಬ್ದಾರಿ ಪೂರ್ತಿ ಬೋಪಣ್ಣನದು. ಇಳಿಯುವ ಮುಂಚೆ ಅವನು ಒಬ್ಬೊಬ್ಬರನ್ನೂ ಜ್ವರ ಇದೆಯಾ, ಶೀತ ಇದೆಯಾ, ಬೇರೇನಾದರೂ ಇದೆಯಾ ಎಂದು ಕೇಳುತ್ತಾ ಬಂದ. ಸಿಂಚು, ಬೆಳಿಗ್ಗೆಯಿಂದ ಮುಟ್ಟು, ಬೇರೇನಿಲ್ಲ, ಕಪ್ ಹಾಕಿದ್ದೀನಿ, ಹೊಟ್ಟೆನೋವಿಲ್ಲ ಎಂದು ಎಲ್ಲರ ಎದುರು ಶೀತ ಇದೆ ಎಂದಷ್ಟೇ ಸಲೀಸಾಗಿ ಹೇಳಿದಳು. ನನಗೆ ಅವಳ ತೊಡೆ ಚಿವುಟಬೇಕು ಎನ್ನಿಸಿತು. ಸೂಟಿನ ಮೇಲೆ ಚಿವುಟಲು ಬರುವುದಿಲ್ಲ.

ಬೋಪಣ್ಣ ತಲೆ ಕೆರೆದುಕೊಂಡ.

"ಸಿಂಚು, ನೀನು ಇವತ್ತು ಬೇಡ. ನಿನ್ ಜೊತೆ ಇನ್ನೂ ಆರು ಜನ ಇದ್ದಾರೆ. ಶಾರ್ಕ್ ಬಂದ್ರೆ ಅವರಿಗೆ ನಾನ್ ಏನ್ ಹೇಳೋದು?"

"ಆ ಆರು ಜನದಲ್ಲಿ ಗಂಡಸ್ರೆಲ್ಲ ಸೂಟಲ್ಲೇ ಉಚ್ಚೆ ಹೊಯ್ತಾರಣ್ಣ. ಅಜ್ಜಿನ ಕೇಳಿ. ಅದ್ಕೆ ಶಾರ್ಕ್ ಬರಲ್ವಾ?"

"ಅದು ಬೇರೆ."

"ಹೆಂಗೆ ಬೇರೆ?"

"ಅದು ಉಚ್ಚೆ," ಎಂದ ಬೋಪಣ್ಣ. ಗಂಡಸರೆಲ್ಲ ಬಂಡೆ ನೋಡುತ್ತಾ ನಿಂತರು.

ಸಿಂಚು ಸಾರ್ ಕಡೆ ತಿರುಗಿದಳು. ಸಾರ್‌ಗೆ ಹೆಂಡತಿ ಹೇಳಿದ್ದೂ ಗೊತ್ತು, ಹುಡುಗಿಯ ಕೆಲಸ ನಿಂತಿರುವುದು ಯಾವುದರ ಮೇಲೆ ಎಂದೂ ಗೊತ್ತು. ಆದರೆ ನೌಕಾಪಡೆಯಿಂದ ತಂದ ಒಂದು ನಿಯಮ ಅವರಿಗೆ ಪ್ರಾಣ. ನೀರಿಗೆ ಇಳಿಸುವವನ ಮಾತೇ ಕೊನೆಯ ಮಾತು, ದಡದಲ್ಲಿ ನಿಂತವನು ಅದನ್ನು ಮೀರಿಸಬಾರದು. ಬೋಪಣ್ಣನ ತೀರ್ಮಾನ, ಮಗಳೇ, ಎಂದು ಮೆಲ್ಲಗೆ ಹೇಳಿದರು.

ಉಳಿದವರು ನೀರಿಗೆ ಉರುಳಿದರು. ನಾನು, ಸಿಂಚು, ಸಾರ್, ಕೇಶವಣ್ಣ ಉಳಿದೆವು. ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಮಗು ಕಣ್ಣೆದುರಿಗೆ ಇದೆಯಲ್ಲ, ಹೋದರೆ ಕೆಲಸ ತಾನೇ, ಬಿ.ಎಡ್. ಇದೆಯಲ್ಲ ಎಂದುಕೊಂಡೆ. ಸಿಂಚು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸೂಟನ್ನು ಸೊಂಟದವರೆಗೆ ಬಿಚ್ಚಿಕೊಂಡು, ಮೇಲೆ ಬರುತ್ತಿದ್ದ ಗುಳ್ಳೆಗಳನ್ನೇ ನೋಡುತ್ತಾ ಕೂತಳು. ಆಮೇಲೆ ಕೇಳಿದಳು.

"ನಿಂಗೂ ಹಂಗೇ ಅನ್ಸ್ತದಾ ಅಜ್ಜಿ? ನನ್ನಿಂದ ಶಾರ್ಕ್ ಬತ್ತದೆ ಅಂತ?"

ನಾನು ಇಲ್ಲ ಎನ್ನಬೇಕಿತ್ತು. ಅವಳ ಜಿಪ್ಪಿಗೆ ಮೇಣ ತಿಕ್ಕುತ್ತಾ ಕೂತೆ. ಅವಳು ಒಂದು ಕ್ಷಣ ನನ್ನ ಕೈ ನೋಡಿ, ಆ ಕಡೆ ತಿರುಗಿ ಕೂತಳು. ಹಿಂದೆ ನನ್ನ ಸೊಸೆ, ಅವಳಮ್ಮ, ಹೊರಗೆ ಜಗಲಿಯ ಮೇಲೆ ಹಾಗೇ ತಿರುಗಿ ಕೂರುತ್ತಿದ್ದಳು. ಈ ಹುಡುಗಿ ಈಗ ಕೂತಿದ್ದೂ ಜಗಲಿಯೇ. ಅದಕ್ಕೆ ಇಂಜಿನ್ ಇತ್ತು, ಅಷ್ಟೇ.

ಒಬ್ಬೊಬ್ಬರಾಗಿ ಮೇಲೆ ಬಂದರು. ಎಲ್ಲರಿಗೂ ಖುಷಿ, ಆಮೆ ನೋಡಿದೆವು, ಹಾವಿನಂಥ ಮೀನು ನೋಡಿದೆವು ಎಂದು ಗಲಾಟೆ. ಕೊನೆಗೆ ಬೋಪಣ್ಣ ಹತ್ತಿದ. ಬೋಟಿನ ಅಂಚಿನಲ್ಲಿ ಕೂತು ಎಡಗಾಲಿನ ಬೂಟು ಎಳೆದ. ಒಳಗಿದ್ದ ನೀರು ಹಲಗೆಯ ಮೇಲೆ ಚೆಲ್ಲಿತು. ಅದು ಕೆಂಪು ನೀರು. ಕಾಲಿನ ಮೇಲಿಂದ ರಕ್ತ ಇನ್ನೂ ಇಳಿಯುತ್ತಲೇ ಇತ್ತು.

ಕೇಶವಣ್ಣ ಸ್ಟೇರಿಂಗ್ ಬಿಟ್ಟು ಓಡಿ ಬಂದರು. ಶಾರ್ಕ್ ಹಿಡಿದಿದೆ ಎಂದುಕೊಂಡು ಅವನ ಕಾಲ್ಬೆರಳುಗಳನ್ನು ಎಣಿಸತೊಡಗಿದರು. ಎಲ್ಲ ಇದ್ದವು. ಬೋಪಣ್ಣ ಬೂಟನ್ನು ಮಗುಚಿ ತಟ್ಟಿದ. ಹೆಬ್ಬೆರಳು ಗಾತ್ರದ ಒಂದು ಜಿಗಣೆ ಸತ್ತು ಸುರುಟಿ ಹಲಗೆಯ ಮೇಲೆ ಬಿತ್ತು.

ಕೊಡಗಿನವರು ಯಾರಿಗೂ ವಿವರಿಸಿ ಹೇಳುವುದು ಬೇಕಿರಲಿಲ್ಲ. ಹುಲ್ಲಿನ ಮೇಲಿಟ್ಟ ಬೂಟಿನೊಳಗೆ ಹೊಕ್ಕಿದೆ, ಬೆಳಿಗ್ಗೆಯಿಂದ ಕುಡಿದಿದೆ, ಉಪ್ಪುನೀರು ತಾಗಿದ ಮೇಲೆ ಬಾಯಿ ಬಿಟ್ಟಿದೆ. ಜಿಗಣೆ ಬಾಯಿ ಬಿಟ್ಟ ಮೇಲೇ ರಕ್ತ ಜೋರು, ಗಂಟೆಗಟ್ಟಲೆ ನಿಲ್ಲುವುದಿಲ್ಲ. ಅಂದರೆ ಇಷ್ಟು ಹೊತ್ತು ಸಮುದ್ರದ ತಳದಲ್ಲಿ ಬೋಪಣ್ಣ ಆ ಬಂಡೆ ಈ ಬಂಡೆ ಎಂದು ರಕ್ತ ಸೋರಿಸಿಕೊಂಡೇ ಸುತ್ತಿದ್ದಾನೆ.

ಸಿಂಚು ಬಗ್ಗಿ ಜಿಗಣೆಯನ್ನೇ ನೋಡುತ್ತಿದ್ದಳು. ಮಾತು ಬಂದದ್ದು ನನ್ನ ಬಾಯಿಂದ. ಹೇಗೆ ಬಂತು ಎಂದು ಕೇಳಬೇಡಿ.

"ಬೋಪಣ್ಣ," ಎಂದೆ, "ನಿಂಗಿವತ್ತು ಎಷ್ಟನೇ ದಿನಾನಪ್ಪ?"

ಮೊದಲು ನಕ್ಕವರು ಸಾರ್. ಕಂಬಿ ಹಿಡಿದುಕೊಂಡು, ಕಟ್ಟಿದ್ದ ಕಿವಿ ಬಿಡುವಷ್ಟು ನಕ್ಕರು. ಆಮೇಲೆ ಹುಡುಗಿಯರು, ಆಮೇಲೆ ಬಂಡೆ ನೋಡುತ್ತಿದ್ದ ಗಂಡಸರು. ಕೇಶವಣ್ಣನಿಗೆ ಅರ್ಥವಾಗದೆ, ಎಂತ ಮಾರಾಯ್ರೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಬೋಪಣ್ಣನ ಮುಖ ಅವನ ಕಾಲಿಗಿಂತ ಕೆಂಪಾಗಿತ್ತು. ಅವನು ಕಾಲು ನೋಡಿದ, ಸಮುದ್ರ ನೋಡಿದ, ಮತ್ತೆ ಕಾಲು ನೋಡಿದ. ಒಂದೂ ಬರಲಿಲ್ಲವಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಅವನೂ ನಕ್ಕ. ಆ ಹುಡುಗನ ದೊಡ್ಡತನ ಅದು. ಬೇರೆಯವನಾಗಿದ್ದರೆ ಸಿಟ್ಟು ಮಾಡಿಕೊಂಡು ಬೋಟು ತಿರುಗಿಸಿ ಎನ್ನುತ್ತಿದ್ದ.

ರಕ್ತ ನಿಲ್ಲುತ್ತಿರಲಿಲ್ಲ. ಸಿಂಚು ತನ್ನ ಚೀಲದಿಂದ ಒಂದು ಪ್ಯಾಡ್ ತೆಗೆದು ಅವನ ಕೈಗೆ ಕೊಟ್ಟಳು. ರೆಕ್ಕೆ ಇರೋದು, ಸೋರಲ್ಲ ಅಣ್ಣ, ಎಂದಳು. ಸಾರ್ ಅದನ್ನು ಅವನ ಪಾದಕ್ಕೆ ಒತ್ತಿ ಟೇಪು ಸುತ್ತಿದರು. ಮುಳುಗಿ ಎದ್ದವರು ಸ್ವಲ್ಪ ಹೊತ್ತು ಮೇಲೆ ಕೂತು ಸುಧಾರಿಸಿಕೊಂಡೇ ಮತ್ತೆ ಇಳಿಯಬೇಕು. ಅಷ್ಟು ಹೊತ್ತೂ ಅಂಡಮಾನಿನಲ್ಲಿ ಕಲಿತು ಬಂದ ನಮ್ಮ ಟ್ರೈನರ್ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಬಿಸ್ಕತ್ತು ತಿನ್ನುತ್ತಾ ಕೂತಿದ್ದ.

ಇಳಿಯುವ ಹೊತ್ತಾದಾಗ ಎದ್ದು ಪ್ಯಾಡ್ ಬಿಚ್ಚಿದ. ಇನ್ನೂ ಹನಿಯುತ್ತಿತ್ತು. ಬೂಟನ್ನು ನಾಲ್ಕು ಸಾರಿ ಕೊಡವಿ ಹಾಕಿಕೊಂಡ.

"ಬಾ ಸಿಂಚು," ಎಂದ. "ಇಬ್ರೂ ಸೋರೋರೆ. ಬಂದ್ರೆ ಇಬ್ರಿಗೂ ಬರ್ಲಿ."

ಅವಳು ನನ್ನ ಕಡೆ ಬೆನ್ನು ತಿರುಗಿಸಿ ನಿಂತಳು, ಜಿಪ್ಪು ಹಾಕಿಸಿಕೊಳ್ಳಲು. ಬೆನ್ನ ಮೇಲೆ ತಟ್ಟಿ, ಬತ್ತದೆ ಅಂತ ಅಂದ್ಕಂಡಿದ್ದೆ ಕಣೇ, ತಪ್ಪು ಎಂದೆ. ಗೊತ್ತಿತ್ತು ಎಂದಳು. ನನ್ನ ಕೆನ್ನೆಗೆ ಒದ್ದೆ ಕೆನ್ನೆ ಒತ್ತಿ, ಹಿಂದಕ್ಕೆ ಉರುಳಿ, ನೀರೊಳಗೆ ಕಾಣದಾದಳು.

ಜಿಗಣೆಯ ಸಾಕ್ಷಿ ಎಷ್ಟು ಗಟ್ಟಿಯಾಗಿದ್ದರೂ ಅಜ್ಜಿಯ ಎದೆ ಬೇರೆ. ಗುಳ್ಳೆಗಳನ್ನು ನೋಡುತ್ತಾ ಕಾವೇರಮ್ಮನಿಗೆ ಕೈ ಮುಗಿಯಲು ಹೋದೆ. ಆಗ ನೆನಪಾಯಿತು, ಕಾವೇರಮ್ಮ ಈ ಕಡೆ ಬರುವುದೇ ಇಲ್ಲ, ಅವಳು ಹೋಗಿ ಸೇರುವುದು ಆ ಕಡೆಯ ಸಮುದ್ರವನ್ನು. ಈ ಸಮುದ್ರದಲ್ಲಿ ನನಗೆ ಪರಿಚಯದವರು ಯಾರೂ ಇರಲಿಲ್ಲ. ಪರಿಚಯ ಎಂದರೆ ಸ್ರಾವು ಮಾತ್ರ. ಹಾಗಾಗಿ ಅದಕ್ಕೇ ಕೈ ಮುಗಿದೆ. ಅಪ್ಪ ಶಾರ್ಕಪ್ಪ, ನಿನ್ನ ಮರಿಯನ್ನು ಬೆಳ್ಳುಳ್ಳಿ ಹಾಕಿ ಹುರಿದವಳು ನಾನು, ತಿಂದವಳು ಸೊಸೆ. ಈ ಹುಡುಗಿ ಹಾಲು ಕುಡಿದಿದ್ದು ಬಿಟ್ಟರೆ ಬೇರೆ ತಪ್ಪು ಮಾಡಿಲ್ಲ. ಸಿಟ್ಟಿದ್ದರೆ ನಾನು ಇಲ್ಲೇ ಬೋಟಲ್ಲಿ ಕೂತಿದ್ದೀನಿ, ಬಾ ಎಂದೆ. ಕೇಶವಣ್ಣ ಯಾರ ಜೊತೆ ಮಾತಾಡುತ್ತಿದ್ದೀರಿ ಎಂದರು. ನೆಂಟರ ಜೊತೆ ಎಂದೆ.

ಗುಳ್ಳೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವು, ಮತ್ತೆ ಬಂದವು. ಆಮೇಲೆ ಬೋಪಣ್ಣನ ತಲೆ ಎದ್ದಿತು. ಅದರ ಪಕ್ಕದಲ್ಲಿ ಸಿಂಚುವಿನದು. ಬೋಪಣ್ಣ ನೀರಿನಿಂದಲೇ ಸಾರ್ ಕಡೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಗುಂಡಗೆ ತೋರಿಸಿದ. ಅವರ ಭಾಷೆಯಲ್ಲಿ ಅದು ಎಲ್ಲ ಸರಿ ಎಂದು. ಪಾಸು.

ಸಿಂಚು ಮಾತ್ರ ಮುಖ ಗಂಟಿಕ್ಕಿಕೊಂಡು ಬೋಟು ಹತ್ತಿ ಬಂದಳು. ಏನಾಯ್ತು ಮಗ ಎಂದೆ.

"ಒಂದೂ ಇಲ್ಲ ಅಜ್ಜಿ," ಎಂದಳು. "ಎಲ್ಲಾ ಬಂಡೆ ಸಂದಿನೂ ಹುಡುಕ್ದೆ. ಒಂದು ಚಿಕ್ಕ ಶಾರ್ಕೂ ಇಲ್ಲ."

ಊರು ತಲುಪುವವರೆಗೂ ಅದನ್ನೇ ಗೊಣಗಿದಳು.

ಹುಡುಗಿಯರೇ, ಇದಾಗಿ ಬಹಳ ದಿನವಾಗಿಲ್ಲ. ಮಂಡಿ ಕೈಕೊಟ್ಟ ಮೇಲೆ ನಾನು ಕೆಲಸ ಬಿಟ್ಟೆ. ಬಿಡುವಾಗ ಸಾರ್ ಶಾಲು ಹೊದಿಸಿದರು, ದೇಚಕ್ಕ ಹಂದಿ ಕರಿ ಮಾಡಿ ಹಾಕಿದರು. ಅದನ್ನು ಬರೆದರೆ ನಿಮಗೇನು ಪ್ರಯೋಜನ. ಉಪಯೋಗಕ್ಕೆ ಬರುವುದನ್ನು ಹೇಳುತ್ತೇನೆ. ಸೂಟು ತೊಳೆಯಲು ಈಗ ಬೇರೆ ದ್ರಾವಣ ಬಂದಿದೆ, ಅದನ್ನೇ ಹಾಕಿ, ಸೋಪಿನ ಪುಡಿ ಬೇಡ. ಅಗಲದ ಹ್ಯಾಂಗರಿನಲ್ಲಿ ನೆರಳಿಗೆ ತೂಗುಹಾಕಿ, ಗೂಟಕ್ಕೆ ಸಿಕ್ಕಿಸಿದರೆ ಹೆಗಲಲ್ಲಿ ಗೂನು ಬರುತ್ತದೆ. ಹೆಂಗಸರ ಕೋಣೆಯಲ್ಲಿ ಕಿವಿಯ ಹತ್ತಿರ ಹೋಗಿ ಏನನ್ನೂ ಕೇಳಬೇಡಿ. ಅವರೇ ಕೇಳಿದರೆ ಗಟ್ಟಿಯಾಗಿ ಉತ್ತರ ಹೇಳಿ.

ಗಟ್ಟಿಯಾಗಿ ಹೇಳುವುದು ಹೇಗೆ ಎಂದು ನಾನು ಕಲಿತದ್ದು ಇವತ್ತು ಬೆಳಿಗ್ಗೆ. ಸಿಂಚು ಬಂದರಿನಿಂದ ಫೋನ್ ಮಾಡಿದ್ದಳು. ನಿನ್ನೆ ಮೊದಲ ಸಾರಿ ಅವಳೇ ಮುಂದಾಳಾಗಿ ಒಂದು ಗುಂಪನ್ನು ಸಮುದ್ರಕ್ಕೆ ಇಳಿಸಿದಳಂತೆ. ಇಳಿಯುವ ಮುಂಚೆ ಹುಬ್ಬಳ್ಳಿಯ ಒಬ್ಬ ಟೀಚರು, ಅವಳಿಗಿಂತ ದೊಡ್ಡವರು, ಅವಳನ್ನು ಪಕ್ಕಕ್ಕೆ ಎಳೆದು, ನನಗೆ ಇವತ್ತು ಆಗಿದೆ, ಶಾರ್ಕ್ ಇರುತ್ತಲ್ವಾ, ನಾನು ಮೇಲೇ ಕೂರಲಾ ಎಂದು ಪಿಸುಗುಟ್ಟಿದರಂತೆ. ನನ್ನ ಮೊಮ್ಮಗಳು ಬೋಟಿಗೆಲ್ಲ ಕೇಳುವ ಹಾಗೆ ಹೇಳಿದಳಂತೆ:

"ನಂಗೂ ಇವತ್ತು ಎರಡನೇ ದಿನ ಅಕ್ಕ. ಬನ್ನಿ, ಕೈ ಹಿಡ್ಕೊಳ್ಳಿ."